ಗಂಟಲು ಕಟ್ಟಿದ ದಿನದ ಡೈರೆಕ್ಟ್ ಪ್ರಾಡಕ್ಟ್

ಪಾಠ ಹೇಳಿ ಹೇಳಿ ಗಣಿತದ ಮೇಡಂ ಗಂಟಲು ಸವೆದುಹೋಗಿತ್ತು. ಈ ವಾರ ಪಿಸುಮಾತೂ ಕೂಡದು ಎಂದಿದ್ದರು ಡಾಕ್ಟರು. ರಜೆಯ ಅರ್ಜಿ ಮುಂದಿಟ್ಟರೆ ವಿಭಾಗದ ಮುಖ್ಯಸ್ಥರು ತಲೆಯೆತ್ತಲಿಲ್ಲ. "ಬದಲಿಗೆ ಯಾರಿದ್ದಾರೆ ಹೇಳಿ? ಬೋರ್ಡ್ ಮೇಲೆ ಬರೀರಿ, ಹುಡುಗರು ಬರ್ಕೊಳ್ತಾರೆ." ವಾದ ಮಾಡುವುದಕ್ಕೂ ದನಿ ಬೇಕಲ್ಲ. ಮೇಡಂ ಮೆಟ್ಟಿಲು ಹತ್ತಿದರು.

ಅಂದಿನ ಪಾಠ ಎರಡು ಗ್ರೂಪುಗಳ ಡೈರೆಕ್ಟ್ ಪ್ರಾಡಕ್ಟ್. ಗ್ರೂಪೆಂದರೆ ಒಂದರ ಮೇಲೊಂದು ಮಾಡಬಹುದಾದ, ಮಾಡಿದ್ದನ್ನು ಮರಳಿಸಲೂ ಬರುವ ಕ್ರಿಯೆಗಳ ಕೂಟ. ಒಂದರಿಂದ ಒಂದು, ಇನ್ನೊಂದರಿಂದ ಒಂದು ತೆಗೆದು ಜೋಡಿ ಮಾಡುವುದು. ಜೋಡಿಗೆ ಜೋಡಿ ಸೇರಿಸುವಾಗ ಮೊದಲನೆಯದು ಮೊದಲನೆಯದರ ಜೊತೆ, ಎರಡನೆಯದು ಎರಡನೆಯದರ ಜೊತೆ. ಬರೆದರು. ತಲೆಗಳು ಬಗ್ಗಿ ನಕಲು ಮಾಡಿಕೊಂಡವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದುಕೊಂಡು ಮೇಡಂ ಕುರ್ಚಿ ಎಳೆದರು.

ಮೊದಲ ಬೆಂಚಿನಲ್ಲಿ ಅಕ್ಕ ಎದ್ದಳು. ನರ್ಸ್ ಕೆಲಸ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಓದಲು ಬಂದ ಅವಳು ಇಡೀ ತರಗತಿಗೇ ಅಕ್ಕ.

"ಬರ್ಕೊಂಡೆ ಮೇಡಂ. ಒಂದು ಚೂರೂ ತಲೆಗೆ ಹೋಗ್ಲಿಲ್ಲ."

ಮನೆಗೆ ಹೋಗಿ ಓದಿ ಎನ್ನೋಣವೆಂದರೆ ಅದಕ್ಕೂ ದನಿಯಿಲ್ಲ. ಮೇಡಂ ಬಾಗಿಲ ಪಕ್ಕದ ಎರಡು ಸ್ವಿಚ್ಚುಗಳ ಬಳಿ ಹೋದರು. ಒಂದನ್ನು ಒತ್ತಿದರು, ಮುಂದಿನ ದೀಪ ಹತ್ತಿತು. ಇನ್ನೊಂದನ್ನು ಒತ್ತಿದರು, ಹಿಂದಿನದು ಹತ್ತಿತು.

"ಅವರವರ ಪಾಡು ಅವರಿಗೆ!" ಎಂದ, ವಾದಕ್ಕೆ ಹೆಸರಾಗಿ 'ಲಾಯರ್' ಎಂದೇ ಕರೆಸಿಕೊಳ್ಳುವ ಹುಡುಗ. "ಒಂದೊಂದನ್ನೂ ಒತ್ತೋದು, ಇಲ್ಲಾ ಬಿಡೋದು. ಎರಡೆರಡ್ಲ ನಾಲ್ಕು ಬಗೆ. ಕುರ್ಚಿನ ಕಾಲುಕಾಲು ಸುತ್ತು ತಿರುಗಿಸಿದ್ರೂ ನಾಲ್ಕೇ ಬಗೆ. ಅಂದ್ರೆ ಎರಡೂ ಒಂದೇ ಗ್ರೂಪು!"

ಎಲ್ಲರೂ ಅದನ್ನೂ ಬರೆದುಕೊಳ್ಳತೊಡಗಿದರು. ತಪ್ಪು. ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಕೆಂಪು ಗೆರೆ ಎಳೆಸಿಕೊಳ್ಳುವ ಅದೇ ತಪ್ಪು. ಇರಲಿ ಬಿಡು, ಮುಂದಿನ ವಾರ ನೋಡೋಣ ಎನ್ನಿಸಿತು. ಹೆಗಲು ನೋಯುತ್ತಿತ್ತು. ಪೆನ್ನುಗಳು ಓಡುತ್ತಲೇ ಇದ್ದವು. ಮೇಡಂ ಡಸ್ಟರಿನಿಂದ ಬೋರ್ಡಿಗೆ ಕುಟ್ಟಿ, ತಲೆಯಲ್ಲಾಡಿಸಿ, ಕುರ್ಚಿಯನ್ನು ಅಕ್ಕನ ಕಡೆ ದೂಡಿದರು.

ಅಕ್ಕ ಅದನ್ನು ಕಾಲು ಸುತ್ತು ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು. ಕುರ್ಚಿ ತರಗತಿಗೆ ಬೆನ್ನು ಹಾಕಿ ನಿಂತಿತು. "ಎರಡು ಸಲ ಮಾಡಿದ್ರೂ ವಾಪಸ್ ಬರ್ಲಿಲ್ವಲ್ಲ..." ಸ್ವಿಚ್ಚುಗಳ ಹತ್ತಿರ ಹೋಗಿ ಒಂದನ್ನು ಎರಡು ಸಲ ಒತ್ತಿದಳು, ಇನ್ನೊಂದನ್ನೂ ಹಾಗೇ, ಆಮೇಲೆ ಎರಡನ್ನೂ ಒಟ್ಟಿಗೆ. "ಇಲ್ಲಿ ಏನೇ ಮಾಡಿ, ಅದನ್ನೇ ಇನ್ನೊಂದ್ಸಲ ಮಾಡಿದ್ರೆ ಮೊದಲಿದ್ದ ಹಾಗೇ! ಲೆಕ್ಕ ಒಂದೇ, ನಡತೆ ಬೇರೆ."

"ಅವಳಿ ಅಂದ್ಕೊಂಡಿದ್ದೆ ಅಕ್ಕ, ನೆಂಟರೂ ಅಲ್ಲ," ಎಂದು ಲಾಯರ್ ಬರೆದದ್ದನ್ನು ಹೊಡೆದುಹಾಕಿದ. ತರಗತಿ ನಕ್ಕಿತು.

"ಹಾಗಾದ್ರೆ ಒಂದು ಸ್ವಿಚ್ಚಿನ ಜೊತೆ, ಮೂರು ಸಲಕ್ಕೆ ವಾಪಸ್ ಬರೋ ಸುತ್ತು ಸೇರಿಸಿದ್ರೆ, ಅದೂ ಆರು ಸಲಕ್ಕೆ ವಾಪಸ್ ಬರೋ ಸುತ್ತಿಗಿಂತ ಬೇರೇನಾ?" ಹಿಂದಿನಿಂದ ಯಾರೋ ಕೇಳಿದರು.

ಮೇಡಂ ಬಾಯಿ ತೆರೆದರು, ಗಾಳಿಯಷ್ಟೇ ಬಂತು. ಬೇರೆಯಲ್ಲ, ಅದು ಒಂದೇ. ಏಕೆಂದು ತೋರಿಸಲು ಇನ್ನೊಂದು ತರಗತಿ ಬೇಕು. ಬೋರ್ಡಿನ ಮೇಲೆ 'ನಾಳೆ' ಎಂದು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಕುಳಿತುಬಿಟ್ಟರು. ಕೆಳಗೆ ಲಾಯರ್ ಮತ್ತು ಅಕ್ಕ ಜಗಳವಾಡುತ್ತಿದ್ದರು. "ಬೇರೇನೇ ಅಕ್ಕ!" "ಒಂದೇ ಕಣೋ, ಸ್ವಿಚ್ಚು, ಸುತ್ತು ಎರಡನ್ನೂ ಒಟ್ಟಿಗೆ ಮಾಡ್ತಾ ಹೋಗು, ಆರನೇ ಸಲಕ್ಕೇ ಎರಡೂ ವಾಪಸ್ ಬರೋದು, ನೋಡು!"

ಮೇಡಂ ಬ್ಯಾಗನ್ನು ಮಡಿಲಿಗೆಳೆದುಕೊಂಡು ಗೋಡೆಗೆ ಒರಗಿದರು. ಎದ್ದು ಹೋಗಿ ತೀರ್ಪು ಕೊಡಬೇಕೆನಿಸಲಿಲ್ಲ.