ಪುಂಡಲೀಕಪ್ಪನ ಪೆಟ್ರೋಲ್ ದಾರ

ಗದಗಿನ ಪಕ್ಕದ ಬೆಟಗೇರಿಯ ನೇಕಾರ ಪುಂಡಲೀಕಪ್ಪನ ಮೋಟರ್ ಸೈಕಲ್ಲಿಗೆ ಪೆಟ್ರೋಲಿನ ಮುಳ್ಳು ಇರಲಿಲ್ಲ. ಮಾಡಿದವರೇ ಇಟ್ಟಿರಲಿಲ್ಲ. ಇದ್ದ ಒಂದೇ ಒಂದು ಮುಳ್ಳು, ವೇಗದ್ದು, ನಲವತ್ತರ ಮೇಲೆ ಬಂದು ಪ್ರಾಣಬಿಟ್ಟು ಹನ್ನೊಂದು ವರ್ಷವಾಗಿತ್ತು. ಹೀಗಾಗಿ ಗಾಡಿ ಕಟ್ಟೆಯ ಪಕ್ಕ ಸ್ಟ್ಯಾಂಡ್ ಹಾಕಿ ನಿಂತಾಗಲೂ ನಲವತ್ತರ ವೇಗದಲ್ಲೇ ಇರುತ್ತಿತ್ತು. ರಿಸರ್ವಿನ ಕಾಕ್ ಕೂಡ ಜಾಮಾಗಿ ರಿಸರ್ವಿನಲ್ಲೇ ಕೂತಿತ್ತು.

"ಅದನ್ನರ ರಿಪೇರಿ ಮಾಡಸ್ರಿ," ಎಂದು ಹೆಂಡತಿ ಅಮೃತವ್ವ ಅಂದರೆ, "ಕಣ್ಣಿದ್ದಾವಗ ಕೋಲ್ಯಾಕಬೇ?" ಅನ್ನುತ್ತಿದ್ದ.

ಅವನ ಕಣ್ಣು ಅಂದರೆ ಹ್ಯಾಂಡಲಿಗೆ ಕಟ್ಟಿದ ಒಂದು ನೂಲಿನ ದಾರ. ಮಗ್ಗದ ಹಾಸಿನ ಉದ್ದನೂಲಿನಲ್ಲಿ ಒಂದು ಸೀರೆ ಮುಗಿದ ಗುರುತಿಗೆ ಗಂಟು ಹಾಕಿ ರೂಢಿಯಿದ್ದವನು ಗಾಡಿಗೂ ಅದೇ ಪದ್ಧತಿ ತಂದಿದ್ದ. ಟ್ಯಾಂಕ್ ತುಂಬಿಸಿದ ದಿನ ಹೊಸ ದಾರ. ಹತ್ತು ಕಿಲೋಮೀಟರಿಗೆ ಒಂದು ಗಂಟು. ಸೀರೆಯ ಮೂಟೆ ಹೊತ್ತು ಮುಂಡರಗಿ, ಶಿರಹಟ್ಟಿ ತಿರುಗುವಾಗ ದಾರಿಯ ಕಲ್ಲುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಇಪ್ಪತ್ತು ಗಂಟಾದವೆಂದರೆ ಪಂಪಿಗೆ ಹೋಗಬೇಕು. ಗಂಟನ್ನು ಎಂದೂ ಕಣ್ಣಿಂದ ನೋಡಿ ಎಣಿಸುತ್ತಿರಲಿಲ್ಲ. ನಾಲ್ಕು ಮಂದಿಯ ಎದುರು, ಮುಖ ಬೇರೆ ಕಡೆ ಮಾಡಿ, ಹೆಬ್ಬೆರಳಲ್ಲಿ ಸವರಿ ಹೇಳುತ್ತಿದ್ದ. ಅದೇ ಅದರ ಗತ್ತು.

ಒಮ್ಮೆ ಶಿರಹಟ್ಟಿಯಿಂದ ಬರುವಾಗ ಕೊನೆಯ ಹನಿ ತೀರಿ ಗಾಡಿ ನಿಂತದ್ದು ಸರಿಯಾಗಿ ಪಂಪಿನ ಪೈಪಿನ ಕೆಳಗೇ ಎಂದೂ, ಟ್ಯಾಂಕಿನ ಮುಚ್ಚಳ ತಾನಾಗಿಯೇ ತೆರೆದುಕೊಂಡಿತೆಂದೂ ಅವನು ಹೇಳುತ್ತಿದ್ದ. ಮುಚ್ಚಳದ್ದನ್ನು ಓಣಿಯವರು ನಂಬಲಿಲ್ಲ, ಉಳಿದದ್ದನ್ನು ನಂಬಿದರು. ಪಕ್ಕದ ಮನೆಯ ಗೌಸಬಿ ತನ್ನ ಗ್ಯಾಸ್ ಸಿಲಿಂಡರ್ ತೋರಿಸಿದಾಗ ಅದನ್ನು ಬೆರಳಲ್ಲಿ ಬಡಿದು, "ಮಂಗಳವಾರ ಒಗ್ಗರಣಿ ಹಾಕೂಮುಂದ ತೀರತೈತಿ," ಅಂದಿದ್ದ. ತೀರಿದ್ದು ಬುಧವಾರ. ಮಂಗಳವಾರ ಅವಳು ಒಗ್ಗರಣೆಯನ್ನೇ ಹಾಕಿರಲಿಲ್ಲ ಎಂದು ಪುಂಡಲೀಕಪ್ಪ ಸಾಧಿಸಿದ.

ಅವನ ಒಬ್ಬಳೇ ಮಗಳು ಅಂಕಿತಾ. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಮಂದಿಯ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತ, ತನ್ನದೊಂದು ಸರಕಾರಿ ಗುಮಾಸ್ತೆ ಕೆಲಸಕ್ಕೆ ಆರು ವರ್ಷದಿಂದ ಓದುತ್ತಿದ್ದಳು. ಹಿಂದಿನ ಸಲ ಒಂದೂವರೆ ಅಂಕದಲ್ಲಿ ತಪ್ಪಿತ್ತು. ಈ ಸಲ ಪರೀಕ್ಷೆ ದಸರೆ ಮುಗಿದ ಭಾನುವಾರ, ಲಕ್ಷ್ಮೇಶ್ವರದಲ್ಲಿ. ಹತ್ತಕ್ಕೆ ಗೇಟು ಮುಚ್ಚುತ್ತದೆ. ಮುಂದಿನ ಸಲಕ್ಕೆ ಅವಳ ವಯಸ್ಸಿನ ಮಿತಿ ದಾಟುತ್ತದೆ. ಅಂದರೆ ಇದೇ ಕಡೆಯದು.

"ನಾ ಏಳರ ಬಸ್ಸಿಗೆ ಹೊಂಟಬಿಡ್ತೀನಪ್ಪಾ," ಅಂದಳು.

"ಮನಿಯಾಗ ಗಾಡಿ ಇಟಕೊಂಡು ಬಸ್ಸಿಗಿ ಹೋದ್ರ ಓಣ್ಯಾಗಿನ ಮಂದಿ ಏನಂದಾರು? ಎಂಟಕ್ಕ ಬಿಡೋಣು. ಒಂಬತ್ತೂಕಾಲಕ್ಕ ಅಲ್ಲೆ ಚಾ ಕುಡಿಯೋಣು."

ಎಂಟಕ್ಕೆ ಬಿಟ್ಟರು. ಅಮೃತವ್ವ ಮಗಳ ಬಾಯಿಗೆ ಸಕ್ಕರೆ ಹಾಕಿದಳು. ಗೌಸಬಿ, "ಅಚ್ಛಾ ಬರಿಯವಾ," ಎಂದು ತಲೆ ಸವರಿದಳು. ಪುಂಡಲೀಕಪ್ಪ ಆಕಾಶ ನೋಡುತ್ತ ಹೆಬ್ಬೆರಳಾಡಿಸಿದ. ಐದು ಗಂಟು.

ಮಲ್ಲಸಮುದ್ರದ ಹತ್ತಿರ ಪಂಪು ಬಂತು. ಅಲ್ಲಿ ಕೆಲಸಕ್ಕಿದ್ದ ಓಣಿಯ ಹುಡುಗ ಗವಿಸಿದ್ದೇಶ ಪೈಪ್ ಹಿಡಿದೇ ಕೂಗಿದ: "ಕಾಕಾ! ಹಾಕ್ಲೇನ್ರಿ?"

"ಅಪ್ಪಾ, ಹಾಕಿಸಿಬಿಡು," ಅಂದಳು ಅಂಕಿತಾ ಹಿಂದಿನಿಂದ. "ಹ್ವಾದ ವಾರ ಮುಂಡರಗಿಗಿ ಹೋಗಿದ್ದಿ, ಶಿರಹಟ್ಟಿಗಿ ಎರಡು ಸಲ ಹೋಗಿದ್ದಿ. ಐದ ಗಂಟು ಹ್ಯಾಂಗ ಆಕ್ಕಾವು?"

ಅದು ಅವನಿಗೂ ನೆನಪಿತ್ತು. ಆದರೆ ನೆನಪು ಇರುವುದು ದಾರ ಇಲ್ಲದವರಿಗೆ ಎಂಬುದು ಅವನ ಮತ. ಅಲ್ಲದೆ ಗವಿಸಿದ್ದೇಶನ ಸುತ್ತ ಏಳೆಂಟು ಮಂದಿ ಗಾಡಿ ಹಿಡಿದು ನಿಂತಿದ್ದರು. ಎಲ್ಲರೂ ಇವನ ಕಡೆಗೇ ನೋಡುತ್ತಿದ್ದರು.

"ಇನ್ನೂ ನೂರಾ ಐವತ್ತು ಓಡತೈತಲೇ!" ಎಂದು ಕೈಯೆತ್ತಿ ಕೂಗಿದ. ಮಂದಿ ನಕ್ಕರು. ಆ ನಗುವಿನ ಹುರುಪಿನಲ್ಲಿ ಗಾಡಿ ಒಂದು ಮೈಲಿ ಪೆಟ್ರೋಲಿಲ್ಲದೆಯೇ ಓಡಿರಬೇಕು.

ಮುಳಗುಂದ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಎರಡೂ ಕಡೆ ಕರಿ ಹೊಲ. ಕಣ್ಣು ಹಾಯುವ ತನಕ ಒಂದು ಚಾದಂಗಡಿ ಕೂಡ ಇಲ್ಲ. ಒಂಬತ್ತಾಗಲು ಐದು ನಿಮಿಷ.

"ಪೆಟ್ರೋಲ್ ತೀರೇತಿ," ಅಂದಳು ಅಂಕಿತಾ.

"ಕಾರ್ಬೋರೇಟರಿನ್ಯಾಗ ಕಸ," ಅಂದ ಪುಂಡಲೀಕಪ್ಪ.

ಗಾಡಿಯನ್ನು ಎಡಕ್ಕೆ ಮಲಗಿಸಿ ಎತ್ತಿದ. ಮುಚ್ಚಳ ತೆಗೆದು ಟ್ಯಾಂಕಿಗೆ ಬಾಯಿಟ್ಟು ಊದಿದ. ಪ್ಲಗ್ ಬಿಚ್ಚಿ ಅಂಗಿಯ ಚುಂಗಿಗೆ ಒರೆಸಿದ. ಅಷ್ಟರಲ್ಲಿ ಮೆಣಸಿನಕಾಯಿ ಚೀಲ ಹೇರಿದ ಟೆಂಪೊ ಒಂದು ತಾನಾಗಿಯೇ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಲಕ್ಷ್ಮೇಶ್ವರಕ್ಕೇನ್ರಿ ಯಜಮಾನ್ರ? ತಂಗಿನ್ನ ಹತ್ತಸ್ರಿ. ಮುಂದ ಜಾಗಾ ಐತಿ."

ಅಂಕಿತಾ ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ಪುಂಡಲೀಕಪ್ಪ ಅವಳ ತೋಳು ಹಿಡಿದ.

"ಏ, ಬ್ಯಾಡ್ರಿ. ಸಣ್ಣ ಕಸ ಅಷ್ಟ. ಎರಡ ಕಿಕ್ಕಿಗೆ ಚಾಲೂ ಆಕ್ಕೈತಿ. ನೀವು ನಡೀರಿ."

"ಅಪ್ಪಾ..."

"ಗುರ್ತಿಲ್ಲದಾವನ ಗಾಡ್ಯಾಗ ಕಳಸಲೇನು? ನಿಲ್ಲು ಸುಮ್ನ."

ಟೆಂಪೊ ಹೋಯಿತು. ಎರಡನೆಯ ಕಿಕ್ಕಿಗೆ ಗಾಡಿ ಖರೆಯೇ ಚಾಲೂ ಆಯಿತು, ಅದೇ ಮೋಸ. ಮಲಗಿಸಿದಾಗ ಮೂಲೆಯಿಂದ ಇಳಿದಿದ್ದ ಗುಟುಕು ಪೆಟ್ರೋಲಿನಲ್ಲಿ ಮುಕ್ಕಾಲು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಈ ಸಲ ಊದಿದರೆ ಟ್ಯಾಂಕು ಖಾಲಿ ಕೊಡದ ಹಾಗೆ ಗುಂಯ್ ಅಂದಿತು.

ಆಗ ಅವನು ಮೊದಲ ಸಲ ದಾರವನ್ನು ಕಣ್ಣಿಂದ ನೋಡಿದ. ಅರಿಷಿಣದ ದಾರ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಅಮೃತವ್ವ ಮಗ್ಗಕ್ಕೆ, ಲಾಳಿಗೆ, ರಾಟಿಗೆ ಐದು ಗಂಟಿನ ದಾರ ಕಟ್ಟಿದ್ದಳು. ಅವನು ಚಾದಂಗಡಿಯಲ್ಲಿ ಕತೆ ಹೇಳುತ್ತ ಕೂತಿದ್ದಾಗ ಗಾಡಿಯನ್ನೂ ತೊಳೆದು, ಹ್ಯಾಂಡಲಿನ ಎಣ್ಣೆ ಹಿಡಿದ ಹಳೆಯ ದಾರವನ್ನು ಕತ್ತರಿಸಿ ಒಗೆದು, ಹೊಸದನ್ನು ಕಟ್ಟಿದ್ದಳು. ಹಳೆಯದರಲ್ಲಿ ಹದಿನೆಂಟು ಗಂಟುಗಳಿದ್ದವು.

"ನಿಮ್ಮವ್ವ! ನಿಮ್ಮವ್ವ ಮಾಡಿದ ಕೆಲಸ ನೋಡಿದು!" ಎಂದು ಅವನು ಖಾಲಿ ರಸ್ತೆಯಲ್ಲಿ ಕೂಗಾಡಿದ. "ಮನಿಗಿ ಹೋಗೂಣು ನಡಿ, ಆಕಿನ್ನ ಏನ್ ಮಾಡ್ತೀನಿ ನೋಡು."

ಅಂಕಿತಾ ಆಗಲೇ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ್ದಳು. ಇಪ್ಪತ್ತು ನಿಮಿಷ ಯಾವ ಗಾಡಿಯೂ ಬರಲಿಲ್ಲ. ಕಡೆಗೆ ಬಂದದ್ದು ಮದುವೆಯ ಪಾತ್ರೆ ಸಾಮಾನು ಹೇರಿದ ಟ್ರ್ಯಾಕ್ಟರ್. ಅದು ನಡೆದದ್ದು ಎತ್ತಿನ ಗಾಡಿಯ ವೇಗದಲ್ಲಿ. ಗಾಡಿಯನ್ನು ಹೊಲದ ಬದುವಿಗೆ ಬಿಟ್ಟು, ಕೊಪ್ಪರಿಗೆಗಳ ನಡುವೆ ತಂದೆ ಮಗಳು ಕೂತರು. ಪರೀಕ್ಷೆಯ ಶಾಲೆ ಮುಟ್ಟಿದಾಗ ಹತ್ತು ದಾಟಿ ಏಳು ನಿಮಿಷ.

ಗೇಟಿನ ಪೊಲೀಸು ಒಳ್ಳೆಯವನು. ಬೈಯಲಿಲ್ಲ. "ನನ್ನ ಕೈಯಾಗೇನೈತವಾ," ಎಂದು ಗಡಿಯಾರ ತೋರಿಸಿದ. ಒಳಗೆ ಗಂಟೆ ಬಡಿಯಿತು. ಕಿಟಕಿಯಲ್ಲಿ ತಲೆಗಳೆಲ್ಲ ಒಟ್ಟಿಗೆ ಬಗ್ಗಿದ್ದು ಕಾಣಿಸಿತು. ಅಂಕಿತಾ ಅಳಲಿಲ್ಲ, ಪುಂಡಲೀಕಪ್ಪನೇ ಎರಡು ಸಲ ಮೂಗೊರೆಸಿಕೊಂಡ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಹೇಳಿದಳು: "ಅವ್ವಗ ದಾರದ ಸುದ್ದಿ ಹೇಳಬ್ಯಾಡ. ಗೊತ್ತಾತಂದ್ರ ಸಾಯೂತನಾ ಎದಿ ಬಡಕೊಂತಾಳು. ಪರೀಕ್ಷಾ ಬರದ್ನಿ, ಪೇಪರ್ ಬಿರುಸಿತ್ತು ಅಂತೀನಿ."

"ಆತು," ಅಂದ ಪುಂಡಲೀಕಪ್ಪ.

ಅಷ್ಟು ಜಲ್ದಿ ಅವನು ಎಂದೂ ಯಾವುದಕ್ಕೂ ಒಪ್ಪಿದವನಲ್ಲ. ಅವಳು ತಿರುಗಿ ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಗದಗ ಬರುವ ತನಕ ನೋಡಲಿಲ್ಲ.

ಸಂಜೆ ಓಣಿಯವರು ಕೇಳಿದರು, ಎಷ್ಟೊತ್ತಿಗೆ ಮುಟ್ಟಿದಿರಿ? "ಒಂಬತ್ತೂಕಾಲಕ್ಕ," ಅಂದ ಪುಂಡಲೀಕಪ್ಪ. "ಗಾಡಿ?" ಎಂದರು. ಮುಳಗುಂದದಲ್ಲಿ ಗೆಳೆಯನೊಬ್ಬ ಒಂದೆರಡು ದಿನಕ್ಕೆ ಕೇಳಿ ಇಟ್ಟುಕೊಂಡಿದ್ದಾನೆ ಅಂದ. ಮೂರನೆಯ ಸಲ ಹೇಳುವ ಹೊತ್ತಿಗೆ ಅದರಲ್ಲಿ ಲಕ್ಷ್ಮೇಶ್ವರದ ಚಹಾ ಸೇರಿತ್ತು. ಅದಕ್ಕೆ ಸಕ್ಕರೆ ಹೆಚ್ಚಾಗಿತ್ತು ಎಂಬುದೂ ಸೇರಿತು. ಐದನೆಯ ಸಲಕ್ಕೆ ಅವನಿಗೇ ಆ ಚಹಾದ ರುಚಿ ನಾಲಿಗೆಗೆ ಬಂತು.

ಫಲಿತಾಂಶ ಎರಡು ತಿಂಗಳಿಗೆ ಬಂತು. ಅಂಕಿತಾಳ ಹೆಸರು ಎಲ್ಲಿಯೂ ಇರಲಿಲ್ಲ. ಅಂದು ಕಟ್ಟೆಯ ಮೇಲೆ ಗೌಸಬಿ ಕೂತಿದ್ದಳು, ಪಂಪಿನ ಕೆಲಸ ಮುಗಿಸಿ ಬಂದ ಗವಿಸಿದ್ದೇಶನೂ ಇದ್ದ. ಅಮೃತವ್ವ ಎಲ್ಲರೆದುರೇ ಮಗಳನ್ನು ಬೈಯುತ್ತಿದ್ದಳು.

"ಆ ಮೊಬೈಲ್ ಒಗದು ಓದ, ಓದ ಅಂತ ಬಡಕೊಂಡ್ನಿ! ನಿಮ್ಮಪ್ಪ ಬಿಸಲಾಗ ಅಲ್ಲೀಮಟ ಹೊತಗೊಂಡು ಹೋಗಿ, ಹೊತ್ತಿಗಿ ಮುಂಚೆ ಮುಟ್ಟಿಸಿದ. ಒಳಗ ಕುಂತು ನೀ ಏನ್ ಬರದ್ಯೋ ತಾಯಿ!"

"ಕಾಕಾ ಅವತ್ತು ನಿಲ್ಲದನ ಹ್ವಾದ್ರು ನೋಡ್ರಿ, ಪಾಪ," ಎಂದು ಗವಿಸಿದ್ದೇಶ ಸಾಕ್ಷಿ ಹೇಳಿದ.

ಅಂಕಿತಾ ತಟ್ಟೆಯಲ್ಲಿ ಚಹಾ ಹಿಡಿದು ನಿಂತಿದ್ದಳು. ಅಪ್ಪನ ಕಡೆ ನೋಡಿದಳು. ಪುಂಡಲೀಕಪ್ಪ ಗಂಟಲು ಸರಿಮಾಡಿಕೊಂಡ. ಒಂದು ಕ್ಷಣ ಖರೆಯದ್ದೇ ಬಾಯಿಗೆ ಬರುವ ಹಾಗಿತ್ತು.

"ಇರ್ಲಿ ಬಿಡ," ಅಂದ ಹೆಂಡತಿಗೆ. "ಬೈಬ್ಯಾಡ ಹುಡುಗಿಗಿ. ಆಕಿಗಿ ತಿಳದಷ್ಟು ಬರದಾಳು."

"ಎಂಥಾ ದೊಡ್ಡ ಮನಸಪ್ಪಾ ನಿಂದು, ಪುಂಡಲೀಕಣ್ಣ," ಅಂದಳು ಗೌಸಬಿ. "ನಮ್ಮ ಮನಿಯವರಾಗಿದ್ರ ಕಾಲ ಮುರೀತಿದ್ರು."

ಅಂಕಿತಾ ಎಲ್ಲರಿಗೂ ಚಹಾ ಕೊಟ್ಟಳು. ಮೊದಲು ಅಪ್ಪನಿಗೆ.