ಇನ್ನೂರು ಮೀಟರ್ ದೂರದ ಬಿಳಿ ಮುದ್ದೆ

ಬಂದೂಕಿಗೆ, ಕತ್ತಲಲ್ಲೂ ಮೈಯ ಶಾಖದಿಂದ ಪ್ರಾಣಿಯನ್ನು ತೋರಿಸುವ ಥರ್ಮಲ್ ಯಂತ್ರ ಆರಿಸುವ ಕೆಲಸ ಅಶ್ಲಿನ್‌ಳ ತಲೆಗೆ ಬಂದದ್ದು ಅವಳಿಗೆ ಜರ್ಮನ್ ಚೆನ್ನಾಗಿ ಓದಲು ಬರುತ್ತದೆಂಬ ಒಂದೇ ಕಾರಣಕ್ಕೆ. ಗಂಡ ಮೆಲ್ವಿನ್ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಎಂಜಿನಿಯರ್. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಬಂದು ಆರು ವರ್ಷವಾದರೂ ಅವನ ಜರ್ಮನ್ ಭಾಷೆ ಬೇಕರಿಯ ಬಾಗಿಲು ದಾಟಿರಲಿಲ್ಲ. ಬೇಟೆಯ ಲೈಸೆನ್ಸಿನ ಪರೀಕ್ಷೆಗೆ ನೂರಾರು ಪ್ರಶ್ನೆಗಳನ್ನು ಓದಿ, ಅರ್ಥ ಬಿಡಿಸಿ, ಬಾಯಿಪಾಠ ಮಾಡಿಸಿದವಳು ಅವಳೇ. ಅವನು ಪಾಸಾದ ದಿನ ಅವಳಿಗೆ ಖುಷಿಯಾಗಿತ್ತು. ಊರಾದ ಶಿರ್ವದಲ್ಲಿ ಅವನ ಅಜ್ಜ ಹಂದಿ ಹೊಡೆದು ಊರಿಗೆಲ್ಲ ಪಾಲು ಹಂಚುತ್ತಿದ್ದ ಕಥೆಯನ್ನು ಮದುವೆಯಾದಂದಿನಿಂದ ಕೇಳಿದವಳು, ಇನ್ನು ಆ ಕಥೆ ನಿಂತೀತು ಎಂದುಕೊಂಡಿದ್ದಳು.

ಕಥೆ ನಿಲ್ಲಲಿಲ್ಲ. ಊರಾಚೆಯ ಹೊಲಗಳಲ್ಲಿ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದಿದ್ದ ಮುದುಕ ಐಗ್ನರ್, ಮೆಲ್ವಿನ್‌ಗೆ ತನ್ನ ಜಾಗದಲ್ಲಿ ಬೇಟೆಗೆ ಕೂರಲು ಒಂದು ವರ್ಷದ ಅನುಮತಿ ಚೀಟಿ ಬರೆದುಕೊಟ್ಟಿದ್ದ. ಹಂದಿಗಳು ಹೊಲ ಅಗೆದರೆ ರೈತರಿಗೆ ನಷ್ಟ ತುಂಬಿಕೊಡಬೇಕಾದವನು ಅವನೇ. ಹಂದಿಗಳೋ ಕತ್ತಲಾದ ಮೇಲಷ್ಟೇ ಬರುತ್ತಿದ್ದವು. ಕ್ರಿಸ್ಮಸ್ಸಿನೊಳಗೆ ಒಂದಾದರೂ ಬೀಳಲಿ, ಇಲ್ಲವಾದರೆ ಮುಂದಿನ ವರ್ಷದ ಚೀಟಿ ಥರ್ಮಲ್ ಇರುವ ಬೇರೆಯವರಿಗೆ ಎಂದು ಅವನು ನಗುತ್ತಲೇ ಹೇಳಿದ್ದ. ಅದೇ ವಾರ ಮೆಲ್ವಿನ್ ಮಂಗಳೂರಿನವರ ಕೂಟದಲ್ಲಿ, ಈ ಸಲ ಹಬ್ಬಕ್ಕೆ ಕಾಡುಹಂದಿ ತನ್ನ ಲೆಕ್ಕದಲ್ಲಿ ಎಂದು ಸಾರಿಬಂದಿದ್ದ. ಕೂಟದ ಹಿರಿಯಾಕೆ ರೆಬೆಕಾ ಬಾಯಿ ಆಗಲೇ ಮಸಾಲೆಗೆ ಊರಿನಿಂದ ಮೆಣಸು ತರಿಸಿಯಾಗಿತ್ತು.

ಅಶ್ಲಿನ್ ಮೂರು ವಾರ ಓದಿದಳು. ಶಾಖ ಕಾಣುವ ಸ್ಕೋಪನ್ನೇ ಬಂದೂಕಿಗೆ ಕೂರಿಸಲು ಇಲ್ಲಿಯ ಕಾನೂನು ಬಿಡುವುದಿಲ್ಲ. ಮಾಮೂಲಿ ಸ್ಕೋಪಿನ ಮೂತಿಗೆ ಸಿಕ್ಕಿಸುವ ಥರ್ಮಲ್ ತುಂಡನ್ನು ಲೈಸೆನ್ಸ್ ಇದ್ದವರು ಇಟ್ಟುಕೊಳ್ಳಬಹುದು. ಆ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಒಂದು ಪೊಲೀಸ್ ಕೇಸು ಬಿದ್ದರೆ ಈ ದೇಶದಲ್ಲಿ ಇರಲು ಬಿಡುವ ಕಾಗದವೇ ಹೋದೀತೆಂಬ ಹೆದರಿಕೆ ಅವಳನ್ನು ಬಿಟ್ಟದ್ದೇ ಇಲ್ಲ. ಆಮೇಲೆ ಯಂತ್ರಗಳ ಪಟ್ಟಿ ಮಾಡಿದಳು. ಯಂತ್ರ ಚಿತ್ರವನ್ನು ಎಷ್ಟು ಚುಕ್ಕೆಗಳಿಂದ ಕಟ್ಟುತ್ತದೆ ಎಂಬುದರ ಮೇಲೆ ಎಲ್ಲ ನಿಂತಿತ್ತು. ಅಡ್ಡಕ್ಕೆ ಆರುನೂರ ನಲವತ್ತು ಚುಕ್ಕೆ ಇದ್ದದ್ದರಲ್ಲಿ ಹಂದಿಯ ಕಿವಿ, ಬಾಲ, ಪಕ್ಕದಲ್ಲಿ ಮರಿಯಿದ್ದರೆ ಅದೂ ಕಾಣುತ್ತದೆ. ಇನ್ನೂರ ಐವತ್ತಾರರದ್ದರಲ್ಲಿ ದೂರದಲ್ಲಿ ಏನೋ ಬೆಚ್ಚಗಿನದು ಇದೆ ಎಂದಷ್ಟೇ ತಿಳಿಯುತ್ತದೆ. ಮೆಲ್ವಿನ್ ಹಾಕಿಕೊಟ್ಟ ಮಿತಿ ಸಾವಿರದೈನೂರು ಯೂರೋ. ಒಳ್ಳೆಯದರ ಬೆಲೆ ಅದರ ಎರಡರಷ್ಟಕ್ಕಿಂತ ಹೆಚ್ಚು.

ಅವಳು ಒಳ್ಳೆಯದನ್ನು ಪಟ್ಟಿಯ ಮೇಲ್ತುದಿಗೆ ಇಟ್ಟು, ಒಂದು ವರ್ಷ ಕಾಯೋಣ ಎಂದಳು. ಅವನು ಪಟ್ಟಿಯನ್ನು ಕೆಳಗಿನಿಂದ ಓದಿದ. ಹ್ಯಾನೋವರ್‌ನ ಒಬ್ಬ ಬೇಟೆಗಾರ ಇನ್ನೂರ ಐವತ್ತಾರು ಚುಕ್ಕೆಯ ಹಳೆಯದೊಂದನ್ನು ಮಾರಲಿಟ್ಟಿದ್ದ. ವಾರದೊಳಗೆ ಬೇಡವಾದರೆ ವಾಪಸು ಕಳಿಸಬಹುದೆಂದೂ ಒಪ್ಪಿದ್ದ. ಆ ಒಪ್ಪಿಗೆಯನ್ನು ಅವನಿಂದ ಬರೆಸಿಕೊಂಡವಳೂ ಅಶ್ಲಿನ್‌ಳೇ.

ಪೆಟ್ಟಿಗೆ ಬಂದ ದಿನ ಮೆಲ್ವಿನ್ ಪರೀಕ್ಷೆ ಮಾಡೋಣವೆಂದ. ನವೆಂಬರಿನ ಕೊನೆ, ಸಂಜೆ ಐದಕ್ಕೇ ಕತ್ತಲು. ಬಂದೂಕು ಮನೆಯ ಕಬ್ಬಿಣದ ಕಪಾಟಿನಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಅವಳು ಹೊರಟಳು. ಮೆಕ್ಕೆಜೋಳ ಕೊಯ್ದು ಬರೀ ಕೂಳೆ ನಿಂತಿದ್ದ ಹೊಲದಂಚಿನಲ್ಲಿ ಐಗ್ನರನ ಮರದ ಅಟ್ಟಣೆ ಇತ್ತು. ಮೆಲ್ವಿನ್ ಯಂತ್ರವನ್ನು ಕೈಯಲ್ಲಿ ಹಿಡಿದು ಏಣಿ ಹತ್ತಿದ. ಅವಳು ಕಾರಿನಲ್ಲಿದ್ದ ಹಳದಿ ಎಚ್ಚರಿಕೆ ಜಾಕೆಟ್ ತೊಟ್ಟು, ಫೋನನ್ನು ಕಿವಿಗಿಟ್ಟುಕೊಂಡು ಇನ್ನೂರು ಮೀಟರ್ ನಡೆದಳು.

ದಾರಿಯಲ್ಲಿ ಸಿಕ್ಕಿದವಳು ಫ್ರೌ ಹೂಬರ್. ಹೊಲದ ಆಚೆ ಬದಿಯ ಮನೆಯ ಈ ಮುದುಕಿ, ಕೊಯ್ಲಿನ ಯಂತ್ರ ಉದುರಿಸಿಹೋದ ತೆನೆಗಳನ್ನು ಕೋಳಿಗಳಿಗೆಂದು ಆರಿಸುತ್ತಿದ್ದಳು. ಟಾರ್ಚಿಲ್ಲ, ಕಂದು ಕೋಟು, ಕುಕ್ಕರಗಾಲು. ಹತ್ತು ಹೆಜ್ಜೆ ಹತ್ತಿರ ಹೋಗುವವರೆಗೆ ಅಶ್ಲಿನ್‌ಗೆ ಅವಳು ಕಂಡಿರಲಿಲ್ಲ. ಗುಟನ್ ಆಬೆಂಡ್ ಎಂದು ಸಂಜೆಯ ನಮಸ್ಕಾರ ಹೇಳಿ, ಮುದುಕಿ ಚೀಲ ಎಳೆದುಕೊಂಡು ಮನೆ ಕಡೆ ಹೊರಟುಹೋದಳು.

ಜಾಕೆಟ್ ಕಾಣುತ್ತದೆಯೇ ಎಂದು ಅಶ್ಲಿನ್ ಫೋನಿನಲ್ಲಿ ಕೇಳಿದಳು. ಬಣ್ಣ ಎಲ್ಲಿಂದ ಬರಬೇಕು, ಇದು ಶಾಖ ನೋಡುವ ಯಂತ್ರ ಅಲ್ವಾ ಎಂದು ಮೆಲ್ವಿನ್ ನಕ್ಕ. ಅವಳು ಬೆಳ್ಳಗೆ ಒಂದು ಕಂಬದ ಹಾಗೆ ಇದ್ದಾಳಂತೆ. ಕೈ ಎತ್ತು ಎಂದ. ಎತ್ತಿದಳು. ಕಂಬಕ್ಕೆ ಕೊಂಬೆ ಬಂತು ಎಂದ.

"ಈಗ ಕೂತುಕೋ ನೋಡುವಾ. ಹಾಗಲ್ಲ, ಪೂರ್ತಿ ಬಗ್ಗಿ. ಕೈ ನೆಲಕ್ಕೆ."

ಅವಳು ಕೂಳೆಗಳ ನಡುವೆ ಬಗ್ಗಿ ಕುಳಿತಳು. ಅಂಗೈಗೆ ತಣ್ಣನೆಯ ಮಣ್ಣು ತಾಗಿತು. ಫೋನಿನಲ್ಲಿ ಅವನ ಸ್ವರ ಸಂತೋಷದಿಂದ ಏರಿತು.

"ಎಂತ ಮಾರಾಯ್ತಿ, ಥೇಟ್ ಹಂದಿ! ಎಂಬತ್ತು ಕಿಲೋದ್ದು ಅಂತ ಬೇಕಾದ್ರೆ ಬರೆದು ಕೊಡ್ತೇನೆ."

ಅವಳು ಎದ್ದು ನಿಂತಳು. ಅಂಗೈಯ ಮಣ್ಣನ್ನು ಜಾಕೆಟ್ಟಿಗೆ ಒರೆಸಿಕೊಂಡಳು. ಮನೆಗೆ ಬಂದ ಮೇಲೆ, ಇದನ್ನು ವಾಪಸು ಕಳಿಸು ಎಂದಳು. ಫ್ರೌ ಹೂಬರಳ ವಿಷಯ ಹೇಳಿದಳು. ಮುದುಕಿ ಏಳಕ್ಕೆಲ್ಲ ಟಿವಿ ಮುಂದೆ ಇರುತ್ತಾಳೆ, ತಾನು ಕೂರುವುದೇ ಏಳರ ಮೇಲೆ ಎಂದು ಅವನು ತಳ್ಳಿಹಾಕಿದ. ಗುರುತು ಸಿಗದೆ ಗುಂಡು ಹಾರಿಸಬಾರದೆಂದು ತಾನೇ ಓದಿಸಿದ ಪಾಠವನ್ನು ನೆನಪಿಸಿದಳು. ಅದು ತನಗೂ ಗೊತ್ತು, ಹಂದಿ ನಡೆಯುವ ಗತಿಯಲ್ಲೇ ತಿಳಿಯುತ್ತದೆ ಎಂದ. ಕೊನೆಗೆ, ಪಟ್ಟಿ ಮಾಡಿದವಳು ನೀನೇ, ಅದರಲ್ಲಿ ಇದೂ ಇತ್ತಲ್ಲ ಎಂದ. ವಾರ ಕಳೆಯಿತು. ಯಂತ್ರ ಉಳಿಯಿತು.

ಅವಳು ಕೈಲಾದದ್ದನ್ನು ಮಾಡಿದಳು. ಫ್ರೌ ಹೂಬರಳ ಬಾಗಿಲಿಗೆ ಹೋಗಿ, ಕತ್ತಲಾದ ಮೇಲೆ ಹೊಲಕ್ಕೆ ಹೋಗಬೇಡಿ ಎಂದು ಆದಷ್ಟು ನಯವಾದ ಜರ್ಮನ್‌ನಲ್ಲಿ ಹೇಳಿದಳು. ಎಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ ಎಂದು ಮುದುಕಿ ಆರು ಮೊಟ್ಟೆ ಕೊಟ್ಟು ಕಳಿಸಿದಳು. ಐಗ್ನರನಿಗೆ ಹೇಳೋಣವೆಂದರೆ, ನಾಲ್ಕು ಜನರೆದುರು ಗಂಡನ ಮರ್ಯಾದೆ ಹೋಗುತ್ತದೆ, ಚೀಟಿಯೂ ಹೋಗುತ್ತದೆ. ತಾನು ಬಸ್ಸಿನಿಂದಿಳಿದು ಆ ಹೊಲದ ಬದಿಯ ದಾರಿಯಲ್ಲಿ ಬರುವಾಗ ಮಾತ್ರ ಅವಳು ಒಂದು ಕೈ ಮೇಲೆತ್ತಿಕೊಂಡೇ ನಡೆಯುತ್ತಿದ್ದಳು. ಹಂದಿಗೆ ಕೈ ಇಲ್ಲ.

ಡಿಸೆಂಬರಿನ ಎರಡನೆಯ ಶುಕ್ರವಾರ ಮೆಲ್ವಿನ್ ಆರೂವರೆಗೇ ಹೋಗಿ ಅಟ್ಟಣೆ ಹತ್ತಿದ. ಏಳಕ್ಕೆ ಹತ್ತು ನಿಮಿಷವಿದ್ದಾಗ ಅವಳು ಅಡುಗೆಮನೆಯಲ್ಲಿ ಕುಚ್ಚಲಕ್ಕಿ ತೊಳೆಯುತ್ತಿದ್ದಳು. ಫೋನು ಬಂತು. ಅವನು ಪಿಸುಗುಟ್ಟುತ್ತಿದ್ದ.

"ನೀನು ಬಂದು ಹೊಲದಲ್ಲಿ ಕೂತಿದ್ದೀಯಾ? ನನ್ನ ಪರೀಕ್ಷೆ ಮಾಡ್ಲಿಕ್ಕಾ?"

ಅವಳ ಕೈ ನೀರಿನೊಳಗೇ ನಿಂತಿತು. ಬೆಳ್ಳಗೆ ಒಂದು ಮುದ್ದೆ ಐದು ನಿಮಿಷದಿಂದ ಅದೇ ಜಾಗದಲ್ಲಿ ಅಲ್ಲಾಡುತ್ತಿದೆ, ನೆಲ ಕೆದಕುವ ಹಾಗಿದೆ ಎಂದು ಅವನು ಹೇಳಿದ. ಫ್ರೌ ಹೂಬರಳೇ ಇರಬಹುದು ಎಂದಳು ಅವಳು. ಮುದುಕಿಯ ಮನೆಯಲ್ಲಿ ದೀಪ ಉರಿಯುತ್ತಿದೆ, ಅವಳು ಒಳಗಿದ್ದಾಳೆ ಎಂದ ಅವನು.

"ನೀನಾದ್ರೆ ಈಗಲೇ ಹೇಳು. ನೀನಲ್ಲದಿದ್ರೆ ಹಂದಿಯೇ. ಫೋನಿಡ್ತೇನೆ."

ಒಂದೊಂದು ಮಾತನ್ನೂ ಅಳೆದು ಆಡುವವಳು ಅವಳು. ಸುಳ್ಳು ಹೇಳಬೇಕಾದಾಗಲೆಲ್ಲ ಸುಮ್ಮನಿದ್ದು ಪಾರಾದವಳು. ಇಲ್ಲಿ ಸುಮ್ಮನಿದ್ದರೆ ಅದೇ ಉತ್ತರವಾಗುತ್ತಿತ್ತು.

"ನಾನೇ," ಎಂದಳು. "ನಾನೇ ಕೂತಿದ್ದೇನೆ."

"ಕೈ ಎತ್ತು."

ನಲ್ಲಿ ಸುರಿಯುತ್ತಿತ್ತು. ಸದ್ದು ಅವನಿಗೆ ಕೇಳೀತೆಂದು ಅದನ್ನು ನಿಲ್ಲಿಸಿದಳು. ಆಮೇಲೆ ಏನು ಮಾಡುತ್ತಿದ್ದೇನೆಂದು ತಿಳಿಯದೆ, ಅಡುಗೆಮನೆಯ ಬೆಳಕಿನಲ್ಲಿ, ಒದ್ದೆ ಕೈಯನ್ನು ನಿಜವಾಗಿಯೂ ಮೇಲಕ್ಕೆತ್ತಿದಳು. ನೀರು ತೋಳಿನುದ್ದಕ್ಕೂ ಇಳಿದು ಸ್ವೆಟರಿನೊಳಗೆ ಹೋಯಿತು.

"ಎತ್ತಿದೆಯಾ?"

"ಎತ್ತಿದ್ದೇನೆ."

"ಕಾಣುವುದಿಲ್ಲ."

"ಬಗ್ಗಿ ಕೂತವಳ ಕೈ ಆ ಯಂತ್ರದಲ್ಲಿ ಕಾಣ್ಲಿಕ್ಕಿಲ್ಲ, ಮೆಲ್ವಿನ್."

ಆ ಬದಿಯಲ್ಲಿ ಏನೋ ಕಟಕ್ಕೆಂದಿತು. ಬಂದೂಕಿನಿಂದ ಗುಂಡು ತೆಗೆಯುವ ಲೋಹದ ಸದ್ದೋ, ಅಲ್ಲವೋ, ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವನು, ಅಲ್ಲೇ ಇರು, ಅಲ್ಲಾಡಬೇಡ, ಇಳಿದು ಬರುತ್ತೇನೆ ಎಂದ.

ಅವನು ಇನ್ನೂರು ಮೀಟರ್ ನಡೆದು ಹೋಗಿ ಅಲ್ಲಿ ಏನನ್ನು ಕಾಣುತ್ತಾನೋ, ಯಾರನ್ನು ಕಾಣುತ್ತಾನೋ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅವನಿಗೆ ಕಾಣದೆ ಹೋಗುವವಳು ತಾನೊಬ್ಬಳೇ ಎಂಬುದಷ್ಟೇ ಗೊತ್ತಿತ್ತು. ಏಣಿಯ ಮೆಟ್ಟಿಲು ಕಿರುಗುಟ್ಟುವುದು ಫೋನಿನಲ್ಲಿ ಕೇಳಿಸಿತು. ನಂತರ ಕೂಳೆ ಮುರಿಯುವ ಸದ್ದು, ಒಂದರ ಹಿಂದೊಂದು. ಅಶ್ಲಿನ್ ಎತ್ತಿದ ಕೈಯನ್ನು ಇಳಿಸಲಿಲ್ಲ.