ಹಸಿರು ತಂತಿ

ಕಿಟ್ವೆ ಊರಿನ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಹಾಡಿನ ತಂಡದ ಶನಿವಾರದ ತಾಲೀಮು ನಡೆದಿತ್ತು. ಗಿಟಾರಿನ ತಂತಿಗಳ ಮೇಲೆ ಬೆರಳಿಟ್ಟುಕೊಂಡೇ ಚಿಲೆಕ್ವಾ ಹಾಡಲು ಮುಂದಕ್ಕೆ ಬಾಗಿದಳು. ತುಟಿ ಮೈಕಿಗೆ ತಗುಲಿದ್ದೇ ತಡ, ಯಾರೋ ದವಡೆಗೆ ಗುದ್ದಿದಂತಾಗಿ ಹಿಂದಕ್ಕೆ ಹಾರಿ ಡ್ರಮ್ಮುಗಳ ಮೇಲೆ ಬಿದ್ದಳು.

ಓಡಿ ಬಂದ ತಂಡದ ಯಜಮಾನ ಸಿಕಾಜ್ವೆ ಮೊದಲು ನೋಡಿದ್ದು ಡ್ರಮ್ಮನ್ನು.

"ಹಾಡಹಗಲೇ ಕುಡ್ಕೊಂಡು ಬಂದಿದೀಯೇನಮ್ಮ?"

"ಬೇಕಾದ್ರೆ ಬಾಯಿ ಮೂಸಿ ನೋಡು! ಕರೆಂಟು ಹೊಡೀತು ನಂಗೆ!"

"ಕೈ ಒದ್ದೆ ಇರ್ಬೇಕು. ಆಂಪ್ಲಿಫೈಯರನ್ನ ರಿಪೇರಿ ಅಂಗಡಿ ಕಾಪಾಸಾ ನಿನ್ನೆ ತಾನೇ ರಿಪೇರಿ ಮಾಡಿ ಕೊಟ್ಟಿದಾನೆ."

ಆ ಹಳೆಯ ವಾಲ್ವ್ ಆಂಪ್ಲಿಫೈಯರಿನ ಪೆಟ್ಟಿಗೆ ತಿಂಗಳಿಂದ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಕಾಪಾಸಾ ಎರಡು ವಾರ ಇಟ್ಟುಕೊಂಡು, ಸದ್ದು ತುಸು ತಗ್ಗಿಸಿ ಕಳಿಸಿದ್ದ. ಚಿಲೆಕ್ವಾಳ ಅಪ್ಪ ಗಣಿಯ ಎಲೆಕ್ಟ್ರಿಷಿಯನ್. ಅವಳು ಪೆಟ್ಟಿಗೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ಪ್ಲಗ್ಗನ್ನು ಬಿಚ್ಚಿದಳು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಹಸಿರು ಅರ್ಥ್ ತಂತಿ ತುಂಡಾಗಿತ್ತು. ತುದಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿತ್ತು. ಆ ಟೇಪು ಕಂಡು ಅವಳ ಮೈ ಉರಿದುಹೋಯಿತು. ತಾನಾಗಿ ಕಿತ್ತು ಹೋದದ್ದಲ್ಲ, ಗುಂಯ್ ಸದ್ದು ತಗ್ಗಿಸಲು ಗೊತ್ತಿದ್ದೇ ಕತ್ತರಿಸಿದ್ದು.

ಮೊದಲು ತಂತಿಯನ್ನು ಜೋಡಿಸಿದಳು. ಗಿಟಾರಿನ ಕೇಬಲ್ಲನ್ನು ಕಿತ್ತು ನೋಡಿದಳು, ಗುಂಯ್ ನಿಲ್ಲಲಿಲ್ಲ. ವಾಲ್ಯೂಮನ್ನು ಪೂರ್ತಿ ಇಳಿಸಿದಳು, ಆಗಲೂ ಇಲ್ಲ. ಹಾಗಾದರೆ ದೋಷ ಕರೆಂಟು ಒಳಬರುವ ಕಡೆಯೇ. ಪ್ಲಗ್ ಕಿತ್ತು, ಒಳಗೆ ಉಳಿದಿದ್ದ ಕರೆಂಟನ್ನು ಅಪ್ಪ ಕಲಿಸಿದ ಹಾಗೆ, ಎದೆಯ ಮೂಲಕ ಹರಿಯದಂತೆ ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಖಾಲಿ ಮಾಡಿದಳು. ಕರೆಂಟು ಹಿಡಿದಿಡುವ ದೊಡ್ಡ ಕೆಪಾಸಿಟರುಗಳೆರಡೂ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಇನ್ನೊಂದು ಪುಟ್ಟದು ಹಾಳಾಗಿ, ಕರೆಂಟನ್ನು ಪೆಟ್ಟಿಗೆಯ ಲೋಹಕ್ಕೇ ಬಿಡುತ್ತಿತ್ತು. ಅದನ್ನು ಕಿತ್ತೆಸೆದು, ದೊಡ್ಡವೆರಡನ್ನೂ ಬದಲಿಸಿದಳು. ಸ್ವಿಚ್ ಹಾಕಿದಾಗ ಪಕ್ಕದ ಮನೆಯಲ್ಲಿ ಕಡಲೆಕಾಯಿ ಕುಟ್ಟುವ ಸದ್ದು ಕೇಳಿಸುವಷ್ಟು ನಿಶ್ಶಬ್ದ. ಅರ್ಧ ದಿನದ ಕೆಲಸ! ಅವಳ ಸಿಟ್ಟು ಇಮ್ಮಡಿಯಾಯಿತು.

ಸೋಮವಾರ ಕಾಪಾಸಾನ ಅಂಗಡಿ ತೆರೆಯುವುದಕ್ಕೂ ಅವಳು ಹೋಗುವುದಕ್ಕೂ ಸರಿಹೋಯಿತು.

"ಸದ್ದು ಕಮ್ಮಿ ಆಯ್ತೋ ಇಲ್ವೋ, ಅಕ್ಕಾ?" ಎಂದ ಕಾಪಾಸಾ.

"ಭೂಮಿ ಮೇಲೆ ನಾನೇ ಕಮ್ಮಿ ಆಗ್ತಿದ್ದೆ ಕಣೋ!"

"ಎಲ್ರೂ ಹೀಗೇ ಮಾಡೋದು..."

"ಇನ್ನೆಷ್ಟು ಕತ್ತರಿಸಿದೀಯ?"

ಅವನ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಅಲ್ಲಿ ಮೂರು ಪೆಟ್ಟಿಗೆಗಳಿದ್ದವು. ಒಂದರ ಮೇಲೆ ಚರ್ಚಿನ ಮಕ್ಕಳ ಹಾಡಿನ ತಂಡದ ಹೆಸರಿತ್ತು.

ಚಿಲೆಕ್ವಾ ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂತಳು. "ಮೂರನ್ನೂ ನನ್ನ ಕಣ್ಣೆದುರಿಗೇ ಜೋಡಿಸು. ಅಲ್ಲೀವರೆಗೂ ನೀನು ಹೊರಗೆ ಹೋಗಲ್ಲ, ಯಾರೂ ಒಳಗೆ ಬರಲ್ಲ."

ಬಂದ ಗಿರಾಕಿಗಳಿಗೆಲ್ಲ ಅವನು ಮಾಡಿದ್ದನ್ನು ಗಟ್ಟಿ ದನಿಯಲ್ಲಿ ಹೇಳಿದಳು. ಅವನ ಹೆಂಡತಿ ಕಳಿಸಿದ ಮುದ್ದೆ ಆರಿ ತಣ್ಣಗಾಯಿತು. ಮೂರನೆಯ ಪ್ಲಗ್ ಮುಚ್ಚಿದ ಮೇಲೂ ಅವನ ಬಾಯಿಂದ ತಪ್ಪಾಯ್ತು ಎಂಬ ಮಾತು ಬರಲಿಲ್ಲ.

"ಹೀಗೇ ಕತ್ತರಿಸಿ ಆಗ್ಲೇ ಕೊಟ್ಟು ಕಳಿಸಿರೋದು ಯಾರ್ಯಾರಿಗೆ?" ಎಂದು ಕೇಳಿದಳು.

ಅವನು ತಲೆ ತಗ್ಗಿಸಿಕೊಂಡೇ ಇಬ್ಬರ ಹೆಸರು ಹೇಳಿದ. ಚಿಲೆಕ್ವಾ ಅವನ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ಅವರ ಮನೆಗಳ ಕಡೆ ಹೊರಟಳು.